ಕಾಂಕರರ್ ಪಟ್ಟ ಬೇರೆ, ಸ್ಕ್ರಿಮ್ ಬೇರೆ: ಬಿಜಿಎಂಐ ವಿಮರ್ಶೆ

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ. ಬಿಜಿಎಂಐ ಅನ್ನುತ್ತಾರೆ, ಇಲ್ಲವೇ ಹಳೇ ರೂಢಿಯಲ್ಲಿ ಪಬ್ಜಿ. ಒಂದೇ ಮೈದಾನಕ್ಕೆ ಇಳಿದು ಕಾದಾಡಿ, ಕೊನೆಗೆ ಉಳಿದ ತಂಡ ಗೆಲ್ಲುವ ಮೊಬೈಲ್ ಶೂಟಿಂಗ್ ಆಟ ಇದು. ಪಬ್ಜಿ ಮೊಬೈಲ್‌ಗೆ 2020ರ ಸೆಪ್ಟೆಂಬರ್ 2ರಂದು ನಿಷೇಧ ಬಿತ್ತು. ಮರುವರ್ಷ ಜುಲೈ 2ಕ್ಕೆ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಭಾರತಕ್ಕೆಂದು ಬೇರೆ ಹೆಸರಲ್ಲಿ ತಂದಿತು. 2022ರ ಜುಲೈ 28ಕ್ಕೆ ಅದೂ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು. 2023ರ ಮೇ ಕೊನೆಗೆ ಮರಳಿ ಬಂದಾಗ ಕಡಿವಾಣ ಹಾಕಿಕೊಂಡೇ ಬಂತು: 18 ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ. ಇಷ್ಟು ಸಲ ಬಿದ್ದೆದ್ದ ಆಟದ 2024ರ ಅಧಿಕೃತ ಟೂರ್ನಿ ಬಿಜಿಐಎಸ್‌ನ ಬಹುಮಾನದ ಮೊತ್ತ 2 ಕೋಟಿ ರೂಪಾಯಿ. ಹೈದರಾಬಾದಿನಲ್ಲಿ ಜನರ ಮುಂದೆ ನಡೆದ ಫೈನಲ್‌ನಲ್ಲಿ ಟೀಮ್ ಎಕ್ಸ್‌ಸ್ಪಾರ್ಕ್ ಗೆದ್ದಿತು.

ಆ 2 ಕೋಟಿಯ ಸುದ್ದಿ ಓದಿಯೇ ಬಹಳ ಮಂದಿ ಪಿಯುಸಿ ಹುಡುಗರು ‘ನಾವೂ ಇಸ್ಪೋರ್ಟ್ಸ್‌ಗೆ ಇಳಿಯುತ್ತೇವೆ’ ಎಂದು ಹೊರಡುವುದು. ಮಜಕ್ಕೆ ಆಡುವವರಿಗೆ ಈ ಆಟ ಹೇಗಿದೆ ಎಂಬುದನ್ನು ಈಗಾಗಲೇ ಸಾವಿರ ಜನ ಹೇಳಿಯಾಗಿದೆ. ಇಲ್ಲಿ ನೋಡುವುದು ಒಂದೇ: ಪೈಪೋಟಿಗೆಂದು ಆಡುವವನಿಗೆ ಬಿಜಿಎಂಐ ಏನು ಕೊಡುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ.

ಮೊದಲ ತಪ್ಪುದಾರಿ ಆಟದೊಳಗಿನ ರ‍್ಯಾಂಕೇ. ಬ್ರಾಂಜ್‌ನಿಂದ ಶುರುವಾಗಿ ಕ್ರೌನ್, ಏಸ್ ದಾಟಿ ತುದಿಯಲ್ಲಿ ಕಾಂಕರರ್ ಇದೆ. ಅದು ಮೇಲಿನ 500 ಜನರಿಗೆ ಮಾತ್ರ ಸಿಗುವ ಪಟ್ಟ. ಕೇಳಲು ಗತ್ತಾಗಿದೆ. ಆದರೆ ಕ್ಲಾಸಿಕ್ ಮ್ಯಾಚಿನಲ್ಲಿ ಅಂಕ ಏರಿಸುವುದು ಮುಖ್ಯವಾಗಿ ಕೊನೆಯವರೆಗೆ ಉಳಿಯುವುದು. ಗಾಡಿ ಹಿಡಿದು ಝೋನ್ (ಕ್ರಮೇಣ ಕುಗ್ಗುವ ಸುರಕ್ಷಿತ ವಲಯ) ಅಂಚಿನಲ್ಲಿ ಸುತ್ತುತ್ತ, ಹುಲ್ಲಿನಲ್ಲಿ ಮಲಗಿ ಟಾಪ್ 10 ಮುಟ್ಟಿದರೂ ಪ್ಲಸ್ ಬೀಳುತ್ತದೆ. ಕೆಳಗಿನ ಟಿಯರ್‌ಗಳಲ್ಲಂತೂ ಎದುರಾಳಿಗಳಲ್ಲಿ ಕಂಪ್ಯೂಟರೇ ಆಡಿಸುವ ಬಾಟ್‌ಗಳೇ ಹೆಚ್ಚು. ನೆಟ್ಟಗೆ ನಿಂತು ಗುಂಡು ತಿನ್ನುವ ಬಾಟ್‌ಗಳನ್ನು ಹೊಡೆದು ಬಂದ 20 ಕಿಲ್ಲಿನ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಚೆಂದ, ಅಷ್ಟೇ.

ಟೂರ್ನಿಯ ಲೆಕ್ಕ ಬೇರೆ. ಮೇಲ್ಮಟ್ಟದ ಮ್ಯಾಚಿನಲ್ಲಿ 16 ತಂಡ, ತಂಡಕ್ಕೆ 4 ಜನ, ಒಟ್ಟು 64. ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 6, ಆಮೇಲೆ 5, 4, 3, 2, ಏಳು ಮತ್ತು ಎಂಟನೆಯದಕ್ಕೆ ತಲಾ 1. ಒಂಬತ್ತರಿಂದ ಕೆಳಗೆ ಸೊನ್ನೆ. ಪ್ರತಿ ಕಿಲ್ಲಿಗೆ 1 ಅಂಕ. ಈಗ ಲೆಕ್ಕ ಹಾಕಿ: 4 ಕಿಲ್ಲಿನ ಚಿಕನ್ ಡಿನ್ನರ್‌ಗೆ (ಮೊದಲ ಸ್ಥಾನಕ್ಕೆ) 14, 9 ಕಿಲ್ ತೆಗೆದು ಎರಡನೇ ಸ್ಥಾನಕ್ಕೆ ಬಂದವರಿಗೆ 15. ಅಡಗಿ ಕೂತು ಎಂಟನೇ ಸ್ಥಾನಕ್ಕೆ ಬಂದ, ಕಿಲ್ಲೇ ಇಲ್ಲದ ತಂಡಕ್ಕೆ 1. ಕಾಂಕರರ್ ಪಟ್ಟ ಕಟ್ಟಿಕೊಂಡ ನಾಲ್ವರು ಮೊದಲ ಸ್ಕ್ರಿಮ್‌ನಲ್ಲಿ, ಅಂದರೆ ತಂಡಗಳ ಅಭ್ಯಾಸ ಪಂದ್ಯದಲ್ಲಿ, ಪಟ್ಟಿಯ ತಳದಲ್ಲಿ ಕಾಣುವುದಕ್ಕೆ ಕಾರಣ ಇದು. ಅವರು ಕಲಿತದ್ದು ಉಳಿಯುವುದನ್ನು, ಅದೂ ಯಾರೂ ಅಟ್ಟಿಸಿಕೊಂಡು ಬಾರದ ಕಡೆ.

ಆಟದ ಇನ್ನೊಂದು ಕೊರತೆಯನ್ನು ಕಂಪನಿಯ ತಲೆಗೇ ಕಟ್ಟಬೇಕು. ಪ್ರತಿ ಅಪ್‌ಡೇಟ್‌ಗೂ ಹೊಸ ಥೀಮ್ ಮೋಡ್ ಬರುತ್ತದೆ. ಎರಾಂಗಲ್ ನಕಾಶೆಯ ಮೇಲೆ ತೇಲುವ ಕೋಟೆ, ಹಾರುವ ಸವಾರಿ, ಮಂತ್ರದಂಡದ ಥರದ ಶಕ್ತಿಗಳು. ಮಕ್ಕಳಿಗೆ ಹಬ್ಬ. ಟೂರ್ನಿಯಲ್ಲಿ ಇದ್ಯಾವುದೂ ಇರುವುದಿಲ್ಲ. 8 ಕಿಲೋಮೀಟರ್ ಉದ್ದಗಲದ ಎರಾಂಗಲ್, ಮಿರಾಮಾರ್‌ನಂಥ ಬರೀ ನಕಾಶೆಗಳು. ದಿನವಿಡೀ ಥೀಮ್ ಮೋಡ್ ಆಡಿದವನಿಗೆ ಎರಾಂಗಲ್‌ನ ಪೊಚಿಂಕಿ ಊರಿನಿಂದ ಸೇತುವೆ ದಾಟಿ ಮಿಲಿಟರಿ ಬೇಸ್‌ಗೆ ಯಾವ ಹೊತ್ತಿಗೆ ಹೊರಡಬೇಕು ಅನ್ನುವ ಅಂದಾಜೇ ಬೆಳೆಯುವುದಿಲ್ಲ. ಅಭ್ಯಾಸಕ್ಕೆ ಥೀಮ್ ಇಲ್ಲದ ಕ್ಲಾಸಿಕ್ಕನ್ನೇ ಆರಿಸಿಕೊಳ್ಳಿ. ಕೈಚಳಕಕ್ಕೆ 4 ಎದುರು 4ರ ವೇರ್‌ಹೌಸ್ ಟಿಡಿಎಂ (ಟೀಮ್ ಡೆತ್‌ಮ್ಯಾಚ್) ಸಾಕು, ದಿನಕ್ಕೆ ನಾಲ್ಕೈದು.

ಇನ್ನು ಫೋನು. ಹೆಚ್ಚು ದುಡ್ಡು ದಂಡವಾಗುವುದೂ ಇಲ್ಲೇ. ಜಾಹೀರಾತಿನಲ್ಲಿ 120 ಎಫ್‌ಪಿಎಸ್ (ಸೆಕೆಂಡಿಗೆ 120 ಫ್ರೇಮ್) ಎಂದು ಬರೆದಿರುತ್ತದೆ. 60ರಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 90ರಲ್ಲಿ 11.1, 120ರಲ್ಲಿ 8.3. ವ್ಯತ್ಯಾಸ ನಿಜವೇ. ಆದರೆ ಕಣ್ಣಿಗೂ ಕೈಗೂ ಏಟು ಕೊಡುವುದು ಫ್ರೇಮ್ ಏರಿಳಿತ. ಮೊದಲ ಮ್ಯಾಚಿನಲ್ಲಿ 90 ಬಂದು ಮೂರನೆಯದರ ಕೊನೆಯ ಝೋನಿನಲ್ಲಿ 50ಕ್ಕೆ ಇಳಿದರೆ, ಬೆರಳಿಗೆ ಕಲಿಸಿದ ರಿಕಾಯ್ಲ್ (ಬಂದೂಕಿನ ಒದೆತ) ಹತೋಟಿ ನೀರಲ್ಲಿ ಹೋಮ. ಕೊನೆಯ ಝೋನಿನಲ್ಲೇ ಹೀಗಾಗಲು ಕಾರಣವಿದೆ: ಹೊಗೆ, ಬೆಂಕಿ, ಹತ್ತಾರು ಜನ, ಗಾಡಿ ಎಲ್ಲ ಒಂದೇ ಕಡೆ ಸೇರುತ್ತವೆ, ಅಷ್ಟರಲ್ಲಿ ಚಿಪ್ಪೂ ಕಾದು ತಾನೇ ವೇಗ ತಗ್ಗಿಸಿಕೊಂಡಿರುತ್ತದೆ. ಆದ್ದರಿಂದ ಫೋನ್ ಕೊಳ್ಳುವ ಮೊದಲು ಮೂರು ಮ್ಯಾಚ್ ಒಂದರ ಹಿಂದೊಂದು ಆಡಿ ತೋರಿಸಿದ ಪರೀಕ್ಷೆ ನೋಡಿ. ಹತ್ತು ನಿಮಿಷದ ವಿಡಿಯೊ ನಂಬಬೇಡಿ. ಗ್ರಾಫಿಕ್ಸನ್ನು ‘ಸ್ಮೂತ್’ಗೆ ಇಳಿಸಿ, ಫ್ರೇಮ್ ದರವನ್ನು ಫೋನ್ ಕೊನೆಯವರೆಗೆ ತಾಳುವಷ್ಟಕ್ಕೆ ನಿಲ್ಲಿಸಿ. ಅಲ್ಲಾಡದ 60, ಕುಂಟುವ 90ಕ್ಕಿಂತ ಎಷ್ಟೋ ವಾಸಿ. ನೆರಳು ಆಫ್ ಇರಲಿ.

ಚಾರ್ಜಿಗೆ ಹಾಕಿಕೊಂಡು ಆಡುವುದು ಫೋನ್ ಕಾಯಲು ದೊಡ್ಡ ಕಾರಣ. ಕೆಲವು ಫೋನ್‌ಗಳಲ್ಲಿ ಬೈಪಾಸ್ ಚಾರ್ಜಿಂಗ್ ಇದೆ, ಕರೆಂಟು ಬ್ಯಾಟರಿಗೆ ಹೋಗದೆ ನೇರ ಫೋನಿಗೇ ಹೋಗುತ್ತದೆ. ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ಮ್ಯಾಚ್‌ಗಳ ನಡುವೆ ಮಾತ್ರ ಚಾರ್ಜ್ ಮಾಡಿ, ಕವರ್ ಬಿಚ್ಚಿಡಿ. ಹಿಂಬದಿಗೆ ಕಚ್ಚಿಸುವ, ಕರೆಂಟಿನಿಂದ ತಟ್ಟೆಯನ್ನೇ ತಣ್ಣಗಾಗಿಸುವ ಪೆಲ್ಟಿಯರ್ ಕೂಲರ್ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಒಂದು ಮಾತು ನೆನಪಿಡಿ: ಅಲ್ಲಿನ ತೇವದ ಗಾಳಿಯಲ್ಲಿ ಆ ತಣ್ಣನೆ ತಟ್ಟೆಯ ಸುತ್ತ ನೀರು ಹನಿಗಟ್ಟುತ್ತದೆ. ಹನಿ ಚಾರ್ಜಿಂಗ್ ರಂಧ್ರದತ್ತ ಜಾರಿದರೆ ರಿಪೇರಿಯ ಬಿಲ್ಲು ಕೂಲರಿನ ಬೆಲೆಯನ್ನು ಮೀರುತ್ತದೆ. ಕಡಿಮೆ ಮಟ್ಟದಲ್ಲಿ ಓಡಿಸಿ, ಮ್ಯಾಚ್ ಮುಗಿದೊಡನೆ ಒರೆಸಿ. ಬರೀ ಫ್ಯಾನಿನ ಕೂಲರ್‌ಗೆ ಈ ತೊಂದರೆ ಇಲ್ಲ, ಅದಕ್ಕೆ ತಕ್ಕಂತೆ ಅದರ ತಂಪೂ ಅಷ್ಟಕ್ಕಷ್ಟೆ.

ಬೆರಳಿಗೆ ಹಾಕುವ ಸ್ಲೀವ್ ನೂರಿನ್ನೂರು ರೂಪಾಯಿಯ ಮಾತು, ಸಿಗುವ ಲಾಭ ಅದಕ್ಕಿಂತ ದೊಡ್ಡದು. ಬೆವರಿದ ಬೆರಳು ಗಾಜಿಗೆ ಅಂಟಿ ತಡೆದರೆ ಸ್ಪ್ರೇ (ಒಂದೇ ಸಮನೆ ಹಾರಿಸುವ ಗುಂಡು) ಅರ್ಧಕ್ಕೇ ಕೆಳಗೆ ಬೀಳುತ್ತದೆ. ಒಗೆದರೆ ಅದರೊಳಗಿನ ಲೋಹದ ಎಳೆ ಸವೆದು ಟಚ್ ತಪ್ಪತೊಡಗುತ್ತದೆ, ಆಗ ಬಿಸಾಡಿ. ಫೋನಿನ ಅಂಚಿಗೆ ಕಚ್ಚಿಸುವ ಟ್ರಿಗರ್ ಕ್ಲಿಪ್‌ಗಳನ್ನು ಮಾತ್ರ ರೂಢಿ ಮಾಡಿಕೊಳ್ಳಬೇಡಿ, ಟೂರ್ನಿಗಳಲ್ಲಿ ಅವು ನಡೆಯುವುದಿಲ್ಲ. ಐಪ್ಯಾಡಿನಲ್ಲಿ ಆಡುವವರೂ ನೋಂದಣಿಗೆ ಮುಂಚೆ ನಿಯಮ ಓದಿ. ಪರದೆಯ ಆಕಾರದಿಂದಾಗಿ ಮೇಲೆ ಕೆಳಗೆ ಹೆಚ್ಚು ಕಾಣುವುದೇ ಜಗಳದ ವಿಷಯ.

ನಿಯಂತ್ರಣದ ವಿಚಾರದಲ್ಲಿ ಆಟಕ್ಕೆ ಪೂರ್ಣ ಅಂಕ ಕೊಡಬಹುದು. ಪ್ರತಿ ಬಟನ್ನಿನ ಜಾಗ, ಗಾತ್ರ, ಸ್ಕೋಪಿಗೊಂದರಂತೆ ಸೆನ್ಸಿಟಿವಿಟಿ (ಕೈ ಅಲುಗಿದಷ್ಟಕ್ಕೆ ಗುರಿ ಎಷ್ಟು ಸರಿಯಬೇಕೆಂಬ ಅಳತೆ), ಎಲ್ಲವನ್ನೂ ತಿದ್ದಿಕೊಳ್ಳಬಹುದು. ಹೆಸರಾಂತ ಆಟಗಾರರ ಸೆನ್ಸಿ ಕೋಡ್ ನಕಲು ಮಾಡುವುದು ಈಗಿನ ಚಾಳಿ. ಅವರ ಫೋನಿನ ಅಗಲ, ಟಚ್ ಸ್ಪಂದನ, ಬೆರಳಿನ ಉದ್ದ ನಿಮ್ಮದಲ್ಲವಾದ್ದರಿಂದ ಅದು ನಡೆಯುವುದಿಲ್ಲ. ಗೈರೊಸ್ಕೋಪ್ (ಫೋನನ್ನೇ ಓರೆ ಮಾಡಿ ಗುರಿ ಇಡುವುದು) ಬಳಸುವವರು ಹೀಗೆ ಶುರು ಮಾಡಿ: ಸ್ಕೋಪ್ ಇಲ್ಲದೆ ಮತ್ತು ರೆಡ್ ಡಾಟ್‌ಗೆ 300, 3ಎಕ್ಸ್‌ಗೆ 200ರ ಆಸುಪಾಸು, 4ಎಕ್ಸ್‌ಗೆ 150, 6ಎಕ್ಸ್‌ಗೆ 90. ಟ್ರೇನಿಂಗ್ ಗ್ರೌಂಡಿನಲ್ಲಿ ಎಂ416 ಬಂದೂಕಿಗೆ 3ಎಕ್ಸ್ ಸ್ಕೋಪ್ ಹಾಕಿ ಗೋಡೆಗೆ ಇಡೀ ಮ್ಯಾಗಜಿನ್ ಬಿಡಿ. ಗುಂಡಿನ ಗುರುತು ಮೇಲೇರಿದರೆ 10 ಹೆಚ್ಚಿಸಿ, ಕೆಳಗಿಳಿದರೆ 10 ಕಡಿಮೆ ಮಾಡಿ. ಅಕ್ಕಪಕ್ಕ ಚದುರಿದರೆ ದೋಷ ಸಂಖ್ಯೆಯಲ್ಲಿಲ್ಲ, ಮಣಿಕಟ್ಟು ಬಿಗಿಯಾಗಿರಬಹುದು. ಒಮ್ಮೆ ಕೂತ ಸಂಖ್ಯೆಯನ್ನು ಎರಡು ವಾರ ಮುಟ್ಟಬೇಡಿ. ಎರಡು ಬೆರಳಿನಿಂದ ನಾಲ್ಕು ಬೆರಳಿನ ಕ್ಲಾ ಹಿಡಿತಕ್ಕೆ ಬದಲಾಗುವವರು ಮೊದಲ ಕೆಲವು ವಾರ ಆಟ ಕೆಡುತ್ತದೆಂದು ತಿಳಿದೇ ಇಳಿಯಿರಿ. ಹಾಗೆ ಕೆಟ್ಟಾಗ ಹಳೆಯದಕ್ಕೆ ಓಡಿಹೋಗುವವರೇ ಹೆಚ್ಚು.

ಸದ್ದಿನ ಬಗ್ಗೆ ಜಿಪುಣತನ ಬೇಡ, ಹಾಗೆಂದು ದುಬಾರಿಯದೂ ಬೇಡ. ಸಾಧಾರಣ ವೈರ್ ಇರುವ ಇಯರ್‌ಫೋನ್ ಸಾಕು, ಫೋನಿನಲ್ಲಿ ಜಾಕ್ ಇಲ್ಲದಿದ್ದರೆ ಟೈಪ್‌-ಸಿ ಕನೆಕ್ಟರ್ ತೆಗೆದುಕೊಳ್ಳಿ. ಬ್ಲೂಟೂತ್ ಇಯರ್‌ಬಡ್ ಹಾಕಿ ಮೈಕ್ ಆನ್ ಮಾಡಿದ ಕೂಡಲೇ ಬಹುತೇಕ ಫೋನ್‌ಗಳು ಕಾಲ್ ಮೋಡ್‌ಗೆ ಹೋಗುತ್ತವೆ. ಆಗ ಸದ್ದು ತಗ್ಗಿ, ಎಡಬಲದ ವ್ಯತ್ಯಾಸವೇ ಅಳಿದುಹೋಗುತ್ತದೆ. ಮೇಲಿನ ಮಹಡಿಯ ಹೆಜ್ಜೆ ಸಪ್ಪಳ ಎಡದಿಂದಲೋ ಬಲದಿಂದಲೋ ಗೊತ್ತಾಗದೆ ಸಾಯುವವರು ಆಟವನ್ನು ಬೈಯುತ್ತಾರೆ. ಸದ್ದು ತಡವಾಗಿ ಬರುವುದು ಬೇರೆ.

ನೆಟ್ಟಿನಲ್ಲಿ ವೇಗಕ್ಕಿಂತ ಸ್ಥಿರತೆ ದೊಡ್ಡದು. ಆಟ ನುಂಗುವ ಡೇಟಾ ತೀರ ಕಡಿಮೆ, ಹಾಗಾಗಿ 300 ಎಂಬಿಪಿಎಸ್ ಪ್ಲಾನಿನಿಂದ ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) ಇಳಿಯುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಫೋಟೊ ಬ್ಯಾಕಪ್ ಹಾಕಿದಾಗ 40ರಲ್ಲಿದ್ದ ಪಿಂಗ್ 200ಕ್ಕೆ ಜಿಗಿದರೆ, ಅಪ್‌ಲೋಡ್ ದಾರಿ ಕಟ್ಟಿಕೊಂಡಿದೆ ಎಂದರ್ಥ. ರೌಟರಿನಲ್ಲಿ ಕ್ಯೂಓಎಸ್ ಎಂಬ ಸೆಟ್ಟಿಂಗ್ ಇದ್ದರೆ ನಿಮ್ಮ ಫೋನಿಗೆ ಆದ್ಯತೆ ಕೊಡಿ, 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬನ್ನಿ, ರೌಟರ್ ಇರುವ ಕೋಣೆಯಲ್ಲೇ ಕೂರಿ. ಮ್ಯಾಚಿನ ನಡುವೆ ಕರೆಂಟ್ ಹೋಗುವ ಊರಿನವರಿಗೆ ಮಿನಿ ಯುಪಿಎಸ್ ಕಡ್ಡಾಯ ಎನ್ನಬಹುದು. ಕೊಳ್ಳುವಾಗ ಅಡಾಪ್ಟರ್ ಮೇಲೆ 12 ವೋಲ್ಟೋ 9 ವೋಲ್ಟೋ, ಎಷ್ಟು ಆಂಪಿಯರ್ ಎಂದು ನೋಡಿ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ‘ವೈಫೈ ಇದೆ, ನೆಟ್ ಇಲ್ಲ’ ಎಂದು ತಲೆ ಕೆರೆದುಕೊಳ್ಳುವುದು ಮಾಮೂಲು.

ಯುಸಿ (ದುಡ್ಡು ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯ) ಖರ್ಚಿನ ಬಗ್ಗೆ ಎರಡೇ ಮಾತು. ಗ್ಲೇಶಿಯರ್ ಬಣ್ಣದ ಎಂ416 ಹೊಡೆಯುವ ಪೆಟ್ಟೂ ಬರೀ ಎಂ416 ಹೊಡೆಯುವ ಪೆಟ್ಟೂ ಒಂದೇ. ಇಂಥ ಬಣ್ಣ ಸಿಗಬಹುದೆಂದು ಕ್ರೇಟ್ (ಪೆಟ್ಟಿಗೆ) ತೆರೆಯುವುದು ಲಾಟರಿ ಚೀಟಿ ಕೊಂಡ ಹಾಗೆ, ಸ್ಕ್ರಿಮ್ ಆಡಲು ಒಂದು ರೂಪಾಯಿಯ ಯುಸಿಯೂ ಬೇಡ.

ಇನ್ನು ಸ್ಕ್ರಿಮ್. ಇವು ಆಟದ ಕಸ್ಟಮ್ ರೂಮ್‌ಗಳಲ್ಲಿ, ಹೆಚ್ಚಾಗಿ ಡಿಸ್ಕಾರ್ಡ್ ಮೂಲಕ ನಡೆಯುತ್ತವೆ. ಟಿ3 ಹೊಸಬರಿಗೆ, ಟಿ1 ಹೆಸರಿರುವ ತಂಡಗಳಿಗೆ. ನೋಂದಾಯಿಸಿದರೆ ಸ್ಲಾಟ್ ಸಂಖ್ಯೆ ಸಿಗುತ್ತದೆ, ಮ್ಯಾಚಿಗೆ ಕೆಲವೇ ನಿಮಿಷ ಮುಂಚೆ ರೂಮಿನ ಐಡಿ-ಪಾಸ್ (ಸಂಖ್ಯೆ, ಪಾಸ್‌ವರ್ಡ್) ಬರುತ್ತದೆ. ನಾಲ್ವರೂ ತಮ್ಮ ಸ್ಲಾಟಿನಲ್ಲೇ ಕೂರಬೇಕು, ಬೇರೆ ಕಡೆ ಕೂತರೆ ಕಿಕ್. ಹೊಸ ತಂಡಗಳು ಎಡವುವುದು ಗುರಿಯಲ್ಲಲ್ಲ. ಒಂದು, ಇಳಿಯುವ ಜಾಗ ದಿನಕ್ಕೊಂದು. ಅದೇ ಊರಿಗೆ ಇನ್ನೊಂದು ತಂಡವೂ ಇಳಿದರೆ ಎರಡೂ ತಂಡ ಮೂರೇ ನಿಮಿಷದಲ್ಲಿ ಮನೆಗೆ. ಪ್ರತಿ ನಕಾಶೆಗೆ ಒಂದು ಜಾಗ ಹಿಡಿದು, ಅಲ್ಲಿನ ಗಾಡಿ ಎಲ್ಲೆಲ್ಲಿ ನಿಲ್ಲುತ್ತದೆಂದು ಬರೆದಿಡಿ. ಎರಡು, ನಾಲ್ವರೂ ಒಂದೇ ಗಾಡಿಯಲ್ಲಿ. ಟಯರ್ ಸಿಡಿದರೆ ಒಂದೇ ಸ್ಪ್ರೇಗೆ ಇಡೀ ತಂಡ ಹೋಯಿತು, ಎರಡು ಗಾಡಿ ಇರಲಿ. ಮೂರು, ಹೊಗೆ ಬಾಂಬ್ ಇಲ್ಲದಿರುವುದು. ತಲಾ ನಾಲ್ಕಾದರೂ ಬೇಕು. ಬಯಲಿನಲ್ಲಿ ನಾಕ್ ಆದ (ಬಿದ್ದರೂ ಇನ್ನೂ ಸಾಯದ) ಗೆಳೆಯನನ್ನು ಎಬ್ಬಿಸಲು ಅದಲ್ಲದೆ ಬೇರೆ ಮರೆಯಿಲ್ಲ. ನಾಲ್ಕು, ಎಲ್ಲರೂ ಕೂಗುವುದು. ಐಜಿಎಲ್ (ಆಟದೊಳಗಿನ ನಾಯಕ) ಒಬ್ಬನೇ ನಿರ್ಧಾರ ಹೇಳಬೇಕು, ಉಳಿದವರು ದಿಕ್ಕಿನ ಡಿಗ್ರಿ, ಎದುರಾಳಿಗಳ ಸಂಖ್ಯೆ, ಯಾರಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂಬಷ್ಟನ್ನೇ ಹೇಳಬೇಕು. ‘ಲೋ ಅಲ್ಲಿದಾನೆ, ಅಲ್ಲೇ, ಮರದ ಹಿಂದೆ’ ಎಂದರೆ ಎರಾಂಗಲ್‌ನಲ್ಲಿ ಎಷ್ಟು ಮರಗಳಿವೆ?

6 ಮ್ಯಾಚಿನ ಸ್ಕ್ರಿಮ್ ಎಂದರೆ, ಮ್ಯಾಚಿಗೆ ಅರ್ಧ ಗಂಟೆಯಂತೆ, 3 ಗಂಟೆ. 18 ತುಂಬದವರ ದಿನದ ಪಾಲು ಅಲ್ಲಿಗೇ ಮುಗಿಯಿತು, ನಡುವೆ ಅಭ್ಯಾಸಕ್ಕೆ ಜಾಗವಿಲ್ಲ. ಮೋಸಗಾರರ ಕಾಟವೂ ಇದೆ. ಕ್ರಾಫ್ಟನ್ ಬ್ಯಾನ್ ಪಟ್ಟಿ ಹೊರಡಿಸುತ್ತಲೇ ಇರುತ್ತದೆ, ಗೋಡೆಯಾಚೆ ನೋಡುವವರು ಹೊಸ ಐಡಿ ಮಾಡಿಕೊಂಡು ಬರುತ್ತಲೇ ಇರುತ್ತಾರೆ. ನೆಟ್ಟಗಿರುವ ಸ್ಕ್ರಿಮ್ ನಡೆಸುವವರು ಪಿಓವಿ (ಆಟಗಾರನ ಪರದೆಯ) ರೆಕಾರ್ಡಿಂಗ್ ಕೇಳುತ್ತಾರೆ. ಸ್ಕ್ರೀನ್ ರೆಕಾರ್ಡರ್ ಓಡಿಸಿದರೆ ಫೋನ್ ಇನ್ನಷ್ಟು ಕಾಯುತ್ತದೆ, ಆದ್ದರಿಂದ ಫ್ರೇಮ್ ಪರೀಕ್ಷೆಯನ್ನೂ ಅದು ಓಡುತ್ತಿರುವಾಗಲೇ ಮಾಡಿ.

ವಾಟ್ಸ್ಯಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಬರುವ ‘ಎಂಟ್ರಿ 50, ಪರ್ ಕಿಲ್ 10’ ರೂಮ್‌ಗಳು ಬೇರೆಯೇ ಜಾತಿ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಸ್ಪೋರ್ಟ್ಸನ್ನು ಮಾನ್ಯ ಮಾಡಿ, ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಮಾನ್ಯತೆ ಪಡೆದ ಸ್ಪರ್ಧೆಗೆ ಸೇರಲು ಅಥವಾ ಅದನ್ನು ನಡೆಸುವ ಖರ್ಚಿಗೆ ಶುಲ್ಕ ಕೊಡಬಹುದು, ಆಟಕ್ಕೆ ತಕ್ಕ ಬಹುಮಾನ ಪಡೆಯಬಹುದು. ಪಣ ಕಟ್ಟುವಂತಿಲ್ಲ. ಯುಪಿಐಗೆ 50 ಹಾಕಿಸಿಕೊಂಡು ಗೆದ್ದವರಿಗೆ ಹಂಚುವ ರೂಮು ಯಾವ ಬದಿಗೆ ಬೀಳುತ್ತದೆಂದು ಊಹಿಸುವುದು ಕಷ್ಟವೇನಲ್ಲ. ಅಲ್ಲಿ ಐಡಿ-ಪಾಸ್ ಬರುವ ಹೊತ್ತಿಗೆ ಅಡ್ಮಿನ್ ನಿಮ್ಮನ್ನು ಗುಂಪಿನಿಂದ ತೆಗೆದರೆ ಅಲ್ಲಿ ಕೇಳಲೂ ಆಗುವುದಿಲ್ಲ. ಉಚಿತ ಟಿ3 ಸ್ಕ್ರಿಮ್‌ಗಳ ಸ್ಲಾಟ್ ತೆರೆದ ನಿಮಿಷದಲ್ಲೇ ತುಂಬುತ್ತವೆ. ತಂಡದ ಹೆಸರು, ನಾಲ್ವರ ಇನ್-ಗೇಮ್ ಐಡಿ ಸಂಖ್ಯೆಗಳನ್ನು ಮೊದಲೇ ಟೈಪ್ ಮಾಡಿಟ್ಟುಕೊಂಡು ಪೇಸ್ಟ್ ಮಾಡಿ.