ಕಡಿಮೆ ಪ್ರೀಮಿಯಂನ ಆರೋಗ್ಯ ವಿಮೆ: ಹಣ ಕಟ್ಟುವ ಮುನ್ನ ಪ್ರೊಪೋಸಲ್ ಫಾರಂ ಓದಿ

ಕೋಲಾರ ಜಿಲ್ಲೆಯಲ್ಲಿ ಸಣ್ಣ ಕುಟುಂಬಕ್ಕೆ ಕೈಗೆಟುಕುವ ಆರೋಗ್ಯ ವಿಮೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಏಜೆಂಟರು ನಿಮ್ಮ ಹೆಸರಿನಲ್ಲಿ ತುಂಬಿ ಕಂಪನಿಗೆ ಕಳಿಸಿದ ಪ್ರೊಪೋಸಲ್ ಫಾರಂನ ಪ್ರತಿ ನಿಮ್ಮ ಕೈ ಸೇರುವವರೆಗೆ, ಅದರಲ್ಲಿ ನಿಮ್ಮ ಮನೆಯವರ ಕಾಯಿಲೆಗಳ ಬಗ್ಗೆ ಏನು ಬರೆದಿದೆ ಎಂದು ನೀವೇ ನೋಡುವವರೆಗೆ, ವಿಮೆ ಆಯಿತೆಂದು ನೆಮ್ಮದಿಯಾಗಿರಬೇಡಿ. ನಮಗೆ ಆ ಪ್ರತಿ ಸಿಕ್ಕಿದ್ದು ಕ್ಲೇಮ್ ತಿರಸ್ಕೃತವಾದ ಮೇಲೆ.

2022ರಲ್ಲಿ ನಾನು, ನನ್ನ ಪತ್ನಿ ಮತ್ತು ಮಗಳು ಮೂವರಿಗೂ ಸೇರಿ 3 ಲಕ್ಷ ರೂಪಾಯಿಯ ಫ್ಲೋಟರ್ (ಒಂದೇ ಮೊತ್ತವನ್ನು ಇಡೀ ಕುಟುಂಬ ಹಂಚಿಕೊಳ್ಳುವ) ಪಾಲಿಸಿ ಮಾಡಿಸಿದೆವು. ಪತ್ನಿ ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊದಲು ವಿಚಾರಿಸಿದ ಕಡೆಯಲ್ಲೆಲ್ಲ ಇದನ್ನು ಹೇಳಿದ ಕೂಡಲೇ ರಕ್ತಪರೀಕ್ಷೆಯ ವರದಿ ಕೇಳಿದರು, ಪ್ರೀಮಿಯಂ ಮೇಲೆ ಸ್ವಲ್ಪ ಲೋಡಿಂಗ್, ಅಂದರೆ ಕಾಯಿಲೆಯ ಕಾರಣಕ್ಕೆ ಹೆಚ್ಚುವರಿ ಮೊತ್ತ, ಬೀಳಬಹುದು ಎಂದರು. ಊರಿನ ಕಡೆಯ ಪರಿಚಯದ ಏಜೆಂಟರೊಬ್ಬರು ಮಾತ್ರ ಪರೀಕ್ಷೆಯೂ ಬೇಡ, ಲೋಡಿಂಗೂ ಇಲ್ಲ ಎಂದು ಎಲ್ಲರಿಗಿಂತ ಕಡಿಮೆ ದರ ಹೇಳಿದರು. ವೈದ್ಯರ ಚೀಟಿಯ ಫೋಟೊವನ್ನು ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. "ಆಯ್ತು ಅಣ್ಣ, ಎಲ್ಲಾ ಹಾಕ್ತೀನಿ" ಎಂದು ಉತ್ತರ ಬಂತು. ಕೆಲವು ದಿನಗಳಲ್ಲಿ ಲ್ಯಾಮಿನೇಷನ್ ಮಾಡಿದ ಕಾರ್ಡು ಮತ್ತು ರಸೀದಿ ತಂದುಕೊಟ್ಟರು. ಪಾಲಿಸಿ ದಾಖಲೆ ಕೇಳಿದಾಗಲೆಲ್ಲ, ಈಗೆಲ್ಲ ಆನ್‌ಲೈನ್, ಕಾರ್ಡೇ ಸಾಕು ಎಂಬ ಮಾತು ಸಿಗುತ್ತಿತ್ತು.

2024ರ ಮಳೆಗಾಲದಲ್ಲಿ ರಾಜ್ಯದ ಉದ್ದಗಲಕ್ಕೂ ಡೆಂಗಿ ಹರಡಿದಾಗ ಪತ್ನಿಗೂ ಜ್ವರ ಬಂದು, ಪ್ಲೇಟ್‌ಲೆಟ್ ಇಳಿದು, ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ದಾಖಲಾಗುವಾಗ ಕೇಳಿದ ಪ್ರಶ್ನೆಗೆ ಅವರು ಥೈರಾಯ್ಡ್ ಮಾತ್ರೆಯ ವಿಷಯ ಹೇಳಿದರು, ಡ್ಯೂಟಿ ಡಾಕ್ಟರ್ ಅದನ್ನು ಕೇಸ್ ಶೀಟಿನಲ್ಲಿ ಬರೆದರು. ಅದೇ ಸಾಲನ್ನು ಹಿಡಿದುಕೊಂಡು ವಿಮಾ ಕಂಪನಿ ಮೊದಲು ಕ್ಯಾಶ್‌ಲೆಸ್ (ಆಸ್ಪತ್ರೆಗೆ ತಾನೇ ನೇರವಾಗಿ ಹಣ ಕಟ್ಟುವುದನ್ನು) ನಿರಾಕರಿಸಿತು. ನಂತರ ನಾವು ಬಿಲ್ಲುಗಳೊಂದಿಗೆ ಸಲ್ಲಿಸಿದ ಮರುಪಾವತಿ ಕ್ಲೇಮನ್ನೂ ತಳ್ಳಿಹಾಕಿತು. ಕೊನೆಗೆ ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ ಎಂದು ಮೂವರ ಪಾಲಿಸಿಯನ್ನೂ ರದ್ದು ಮಾಡಿತು. ಬಳೆಗಳನ್ನು ಅಡವಿಟ್ಟು ಬಿಲ್ ಕಟ್ಟಿದೆವು.

ಆಗ ಕಂಪನಿಗೆ ಲಿಖಿತವಾಗಿ ಬರೆದು ಫಾರಂನ ಪ್ರತಿ ತರಿಸಿಕೊಂಡೆ. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್, ಹೃದಯ, ಮೂತ್ರಪಿಂಡ ಎಂದು ಸಾಲಾಗಿದ್ದ ಪ್ರಶ್ನೆಗಳೆಲ್ಲದರ ಮುಂದೆ "ಇಲ್ಲ" ಎಂದೇ ಇತ್ತು. ಎತ್ತರ, ತೂಕ ಊಹೆಯವು. ಎಲ್ಲಕ್ಕಿಂತ ಮುಖ್ಯವಾಗಿ, ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸದ ಜಾಗದಲ್ಲಿ ಏಜೆಂಟರದ್ದೇ ಇದ್ದವು. ಅಂದರೆ ಒಪ್ಪಿಗೆಯ ಓಟಿಪಿ ಹೋದದ್ದು ಅವರ ಫೋನಿಗೆ, ಪಾಲಿಸಿ ದಾಖಲೆ ಹೋದದ್ದು ಅವರ ಇಮೇಲಿಗೆ. ಪಾಲಿಸಿ ಕೈಗೆ ಬಂದ ಮೇಲೆ ಓದಿ, ಇಷ್ಟವಾಗದಿದ್ದರೆ ಹಿಂದಿರುಗಿಸಲು ಫ್ರೀ ಲುಕ್ ಎಂಬ ಅವಧಿ ಇರುತ್ತದೆ, ಈಗ ಅದು 30 ದಿನ. ನಮ್ಮ ಪಾಲಿಗೆ ಆ ಅವಧಿ ಅವರ ಇಮೇಲಿನಲ್ಲೇ ಕಳೆದುಹೋಗಿತ್ತು. ಕೇಳಿದ್ದಕ್ಕೆ ಅವರು, "ಥೈರಾಯ್ಡ್ ಬರೆದಿದ್ರೆ ಪಾಲಿಸಿ ತಡ ಆಗ್ತಿತ್ತು ಅಣ್ಣ, ನಿಮ್ಮ ಒಳ್ಳೇದಕ್ಕೇ ಮಾಡಿದ್ದು" ಎಂದರು. ಅವರ ಕಮಿಷನ್ ಮಾತ್ರ ತಡವಾಗಲಿಲ್ಲ.

ಕಾಯಿಲೆಯನ್ನು ನಿಜವಾಗಿ ಬರೆದಿದ್ದರೆ ಆಗುತ್ತಿದ್ದುದಾದರೂ ಏನು? ಸ್ವಲ್ಪ ಹೆಚ್ಚು ಪ್ರೀಮಿಯಂ, ಇಲ್ಲವೇ ಆ ಕಾಯಿಲೆಗೆ ಮಾತ್ರ ಕಾಯುವ ಅವಧಿ, ಅಂದರೆ ಅದು ಮುಗಿಯುವವರೆಗೆ ಆ ಕಾಯಿಲೆಯ ಖರ್ಚು ಸಿಗುವುದಿಲ್ಲ. ಈ ಕಾಯುವ ಅವಧಿ ಮೊದಲು ಗರಿಷ್ಠ 4 ವರ್ಷ ಇತ್ತು, 2024ರ ಏಪ್ರಿಲ್‌ನಿಂದ ಅದನ್ನು 3 ವರ್ಷಕ್ಕೆ ಇಳಿಸಲಾಗಿದೆ. ಡೆಂಗಿಗೂ ಥೈರಾಯ್ಡ್‌ಗೂ ಸಂಬಂಧವಿಲ್ಲದಿರುವುದರಿಂದ ನಮ್ಮ ಕ್ಲೇಮಿಗೆ ಯಾವ ತೊಡಕೂ ಆಗುತ್ತಿರಲಿಲ್ಲ. ಮುಚ್ಚಿಟ್ಟರೆ ಇಡೀ ಪಾಲಿಸಿಗೇ ಕುತ್ತು. ಒಂದು ಪಾಲಿಸಿಯನ್ನು ಬಿಡದೆ 5 ವರ್ಷ ನಡೆಸಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕಂಪನಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ನಮ್ಮ ಪಾಲಿಸಿಗೆ ಅಷ್ಟು ವಯಸ್ಸಾಗಿರಲಿಲ್ಲ. ಈ ನಿಯಮವನ್ನೇ ತೋರಿಸಿ, ಐದು ವರ್ಷ ತಳ್ಳಿದರಾಯಿತು ಎಂದು ಸುಳ್ಳು ಬರೆಸುವ ಏಜೆಂಟರೂ ಇದ್ದಾರೆಂದು ಕೇಳಿದ್ದೇನೆ. ಆ ಐದು ವರ್ಷ ಮನೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲವೆಂದು ಅವರೇನು ಬರೆದುಕೊಡುತ್ತಾರೆಯೇ?

ಕಂಪನಿಯ ದೂರು ವಿಭಾಗಕ್ಕೆ ಬರೆದು ಫಲ ಸಿಗದಿದ್ದಾಗ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ದೂರು ಕೊಟ್ಟೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿ ತಿರಸ್ಕರಿಸಿದ ಮೇಲೆ, ಅಥವಾ ದೂರಿಗೆ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ನಮ್ಮನ್ನು ಉಳಿಸಿದ್ದು ಆ ವಾಟ್ಸ್ಆ್ಯಪ್ ಸಂದೇಶ: ಪಾಲಿಸಿ ಶುರುವಾಗುವ ಮೊದಲಿನ ದಿನಾಂಕ, ಮಾತ್ರೆಯ ಹೆಸರಿದ್ದ ಚೀಟಿ, ಅದರ ಕೆಳಗೆ ಏಜೆಂಟರ "ಆಯ್ತು ಅಣ್ಣ". ಕ್ಲೇಮ್ ಪಾವತಿಸಿ ಪಾಲಿಸಿಯನ್ನು ಮತ್ತೆ ಜಾರಿಗೆ ತರಬೇಕೆಂದು ಆದೇಶವಾಯಿತು. ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಿಟ್ಟಿದ್ದರೆ ತೋರಿಸಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ.

ಆದರೂ ಪೂರ್ತಿ ಹಣ ಬರಲಿಲ್ಲ. ದರ ಕಡಿಮೆಯಿದ್ದುದಕ್ಕೆ ಎರಡನೆಯ ಕಾರಣ ಆಗ ಗೊತ್ತಾಯಿತು. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 1ರ ಮಿತಿ ಇತ್ತು, ಅಂದರೆ 3,000 ರೂಪಾಯಿ. ಡೆಂಗಿ ರೋಗಿಗಳಿಂದ ಆಸ್ಪತ್ರೆ ತುಂಬಿದ್ದಾಗ ನಮಗೆ ಸಿಕ್ಕಿದ್ದು 5,000 ರೂಪಾಯಿಯ ಕೊಠಡಿ. ಹೆಚ್ಚುವರಿ 2,000 ನಮ್ಮ ಕೈಯಿಂದ ಹೋಗುತ್ತದೆ, ಅಷ್ಟೇ ಎಂದುಕೊಂಡರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಐದರಲ್ಲಿ ಮೂರು ಪಾಲು, ಅಂದರೆ ಶೇ 60, ಎಂಬ ಅದೇ ಅನುಪಾತವನ್ನು ವೈದ್ಯರ ಶುಲ್ಕಕ್ಕೂ ಶುಶ್ರೂಷೆಯ ಶುಲ್ಕಕ್ಕೂ ಹಾಕಿ, ನೂರು ರೂಪಾಯಿಗೆ ಅರವತ್ತರಂತೆ ಕೊಡುತ್ತಾರೆ. ಔಷಧಿ, ಪ್ರಯೋಗಾಲಯದ ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನಗಳು ಮತ್ತು ಐಸಿಯು ಶುಲ್ಕಕ್ಕೆ ಈ ಕಡಿತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಇದೆ. ನಮ್ಮ ಮೊದಲ ಲೆಕ್ಕಪಟ್ಟಿಯಲ್ಲಿ ಔಷಧಿಯ ಬಿಲ್ಲಿಗೂ ಕತ್ತರಿ ಹಾಕಿದ್ದರು, ನಿಯಮ ತೋರಿಸಿ ಪತ್ರ ಬರೆದ ಮೇಲೆ ಅಷ್ಟನ್ನು ಹಿಂದಿರುಗಿಸಿದರು. ಕ್ಲೇಮ್ ಹಣ ಬಂದ ಕೂಡಲೇ ಲೆಕ್ಕಪಟ್ಟಿಯ ಒಂದೊಂದು ಸಾಲನ್ನೂ ಬಿಲ್ಲಿನೊಂದಿಗೆ ಹೋಲಿಸಿ ನೋಡಿ. ಬಳೆಗಳ ಬಡ್ಡಿ ನಮ್ಮ ತಲೆಯ ಮೇಲೇ ಬಿತ್ತು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನ ವಿಳಾಸಕ್ಕೆ ಕಡಿಮೆ ಪ್ರೀಮಿಯಂ ಹಾಕುತ್ತವೆ. ಅಂಥ ಪಾಲಿಸಿ ಇಟ್ಟುಕೊಂಡು ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ನಾವೇ ಭರಿಸಬೇಕೆಂಬ ಸಹಪಾವತಿ ಷರತ್ತು ಇರಬಹುದು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರು ಸ್ವಲ್ಪ ಗಂಭೀರವಾದರೂ ಬೆಂಗಳೂರಿಗೇ ಓಡುವವರು. ಆದ್ದರಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ಸಹಪಾವತಿ ಇದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಕೊಠಡಿ ಮಿತಿ, ಸಹಪಾವತಿ, ಕಾಯುವ ಅವಧಿ ಎಲ್ಲವನ್ನೂ ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿಯೊಂದಿಗೆ ಕಂಪನಿ ಕೊಡಲೇಬೇಕು. ನೂರು ಪುಟದ ಷರತ್ತು ಓದಲಾಗದವರು ಅದನ್ನಾದರೂ ಓದಬಹುದು.

ಖಾಸಗಿ ಪಾಲಿಸಿಗೆ ಹೋಗುವ ಮೊದಲು ನಿಮಗೆ ಈಗಾಗಲೇ ಏನಿದೆ ಎಂದು ನೋಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಡೈರಿಗೆ ಹಾಲು ಹಾಕುವ ಸಂಘದ ಸದಸ್ಯರು, ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ತೆರೆಯುತ್ತದೆ ಎಂದು ಕಾರ್ಯದರ್ಶಿಯನ್ನು ಕೇಳಲಿ. ಅದರಲ್ಲಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ನೆರವಿದೆ ಎಂಬುದು ನೆನಪಿರಲಿ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಸಂಬಳದಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿರುವವರ ಕುಟುಂಬಕ್ಕೂ ಆ ಸೌಲಭ್ಯ ಇರುತ್ತದೆ. ಇವು ಯಾವುವೂ ಅನ್ವಯಿಸದವರು ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತುಗಳಿರುವ ಆರೋಗ್ಯ ಸಂಜೀವನಿ ಪಾಲಿಸಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅದರಲ್ಲಿ ಶೇ 5ರ ಸಹಪಾವತಿಯಿದೆ, ಕೊಠಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂಪಾಯಿ. ಅದಕ್ಕಿಂತಲೂ ಅಗ್ಗವಾಗಿ ಯಾರಾದರೂ ಕೊಡುತ್ತೇನೆಂದರೆ ಎಲ್ಲಿ ಕಡಿಮೆ ಮಾಡಿದ್ದಾರೆ ಎಂದು ಕೇಳಲೇಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ ತೆಗೆದುಹಾಕಿದ್ದಾರೆ, ಈಗಲೂ ಜಿಎಸ್‌ಟಿ ಎಂದು ಸೇರಿಸಿ ಹೇಳುವ ಏಜೆಂಟರಿಂದ ದೂರವಿರಿ.

ಈಗಾಗಲೇ ಇಂಥ ಕಾರ್ಡೊಂದನ್ನು ಇಟ್ಟುಕೊಂಡಿರುವವರು ಮುಂದಿನ ನವೀಕರಣದವರೆಗೆ ಕಾಯಬೇಡಿ. ಪಾಲಿಸಿ ಸಂಖ್ಯೆ ಹೇಳಿ ಕಂಪನಿಯ ಗ್ರಾಹಕ ಸೇವೆಗೇ ನೇರವಾಗಿ ಕರೆ ಮಾಡಿ, ದಾಖಲೆಯಲ್ಲಿರುವ ಮೊಬೈಲ್ ಮತ್ತು ಇಮೇಲ್ ಯಾರದ್ದು ಎಂದು ಕೇಳಿ, ನಿಮ್ಮದಲ್ಲದಿದ್ದರೆ ಬದಲಾಯಿಸಿ, ಫಾರಂನ ಪ್ರತಿ ತರಿಸಿಕೊಳ್ಳಿ. ಬಿಟ್ಟುಹೋದ ಕಾಯಿಲೆ ಇದ್ದರೆ ಇಮೇಲ್ ಮೂಲಕ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಕಂಪನಿ ಸ್ಪಂದಿಸದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಾಗಲಿ 155255ಕ್ಕೆ ಕರೆ ಮಾಡಿಯಾಗಲಿ ದೂರು ದಾಖಲಿಸಬಹುದು.