ಸಿಂಗಲ್ ಸ್ಕ್ರೀನು, ಮಲ್ಟಿಪ್ಲೆಕ್ಸು, ಮನೆ ಟಿವಿ: ಕಿವಿಗೊಟ್ಟು ಹೋಲಿಸಿದ್ರೆ

ಥಿಯೇಟರ್ ಒಳ್ಳೇದಾ ಮನೆ ಒಳ್ಳೇದಾ ಅನ್ನೋ ಮಾತು ಬಂದಾಗೆಲ್ಲ ಜನ ಸ್ಕ್ರೀನ್ ಸೈಜು, ಸೀಟು, ಎಸಿ, ಪಾಪ್‌ಕಾರ್ನ್ ರೇಟು ಇಷ್ಟರಲ್ಲೇ ಸುತ್ತಾಡ್ತಾರೆ. ನನ್ನ ಲೆಕ್ಕದಲ್ಲಿ ಇದನ್ನ ತೀರ್ಮಾನ ಮಾಡೋದು ಕಣ್ಣಲ್ಲ, ಕಿವಿ. ಸ್ಕ್ರೀನ್ ಸ್ವಲ್ಪ ಚಿಕ್ಕದಾದ್ರೂ ಹತ್ತು ನಿಮಿಷಕ್ಕೆ ಕಣ್ಣು ಒಗ್ಗಿಹೋಗುತ್ತೆ, ಆದ್ರೆ ಡೈಲಾಗ್ ಕೇಳಿಸ್ಲಿಲ್ಲ ಅಂದ್ರೆ ಶುಭಂ ಬೀಳೋವರೆಗೂ ಒದ್ದಾಟವೇ. ಹಂಗಾಗಿ ಇಷ್ಟವಾದ ಸಿನಿಮಾನ ಬೇರೆಬೇರೆ ಕಡೆ ನೋಡಿ ಹೋಲಿಸೋ ಚಟ ಹತ್ತಿಸ್ಕೊಂಡಿದೀನಿ, "ನೋಡಿದ್ದನ್ನೇ ನೋಡೋಕೆ ಮತ್ತೆ ದುಡ್ಡು ಸುರೀರಿ" ಅಂತ ಹೆಂಡ್ತಿ ಹತ್ರ ಬೈಸ್ಕೊಳ್ಳೋದು ಅಭ್ಯಾಸ ಆಗಿದೆ.

ಮೊದಲು ಸಿಂಗಲ್ ಸ್ಕ್ರೀನು, ಯಾಕಂದ್ರೆ ನನ್ನ ಪಕ್ಷಪಾತ ಅಲ್ಲೇ ಇರೋದು. 2022ರಲ್ಲಿ ಕಾಂತಾರ ಬಂದಾಗ ಬೆಂಗಳೂರಿನ ಮಾಗಡಿ ರೋಡ್ ಕಡೆ ಒಂದು ಥಿಯೇಟರಲ್ಲಿ ನೋಡ್ದೆ. ಕಂಬಳದ ಸೀನಿಗೆ ಕಿವಿ ತೂತಾಗೋ ಥರ ಶಿಳ್ಳೆ, ಗಾಂಧಿ ಕ್ಲಾಸಲ್ಲಿ, ಅಂದ್ರೆ ಮುಂದಿನ ಅಗ್ಗದ ಸೀಟಲ್ಲಿ, ಒಬ್ಬ ಟವೆಲ್ ಬೀಸ್ಕೊಂಡು ನಿಂತೇಬಿಟ್ಟಿದ್ದ, ಕೂತ್ಕೋ ಗುರು ಅಂತ ಹಿಂದಿನವ್ರು ಕೂಗಿದ್ರೂ ಕೇಳಲಿಲ್ಲ. ಅದೇ ಜನ ಕ್ಲೈಮ್ಯಾಕ್ಸಲ್ಲಿ ದೈವ ಮೈಮೇಲೆ ಬಂದಾಗ ಸುಮ್ಮನಾದ್ರು. ಯಾರೂ ಸುಮ್ನಿರಿ ಅಂತ ಹೇಳಲಿಲ್ಲ, ಒಬ್ಬೊಬ್ರೇ ಅವರಷ್ಟಕ್ಕೆ ನಿಲ್ಲಿಸಿದ್ರು, ಆ ಕೂಗು ಬಂತಲ್ಲ ಆವಾಗ ಇಡೀ ಹಾಲಲ್ಲಿ ಫ್ಯಾನ್ ತಿರುಗೋ ಸದ್ದು ಬಿಟ್ರೆ ಬೇರೇನಿಲ್ಲ. ಸಾವಿರ ಜನ ಗಲಾಟೆ ಮಾಡಿ ಆಮೇಲೆ ಒಟ್ಟಿಗೆ ಸುಮ್ಮನಾಗೋದನ್ನ ಯಾವ ಸ್ಪೀಕರೂ ಕೊಡಲ್ಲ.

ಅದಾದ್ಮೇಲೆ ಅದನ್ನೇ ಮಾಲಲ್ಲಿ ನೋಡ್ದೆ. ಅಲ್ಲಿ ದೈವದ ಕಾಲಿನ ಗಗ್ಗರದ ಸದ್ದು ಎಡಗಡೆಯಿಂದ ಬಲಗಡೆಗೆ ಹೋಗೋದು ಸ್ಪಷ್ಟವಾಗಿ ಗೊತ್ತಾಯ್ತು, ಮಳೆ ತಲೆ ಮೇಲೇ ಬೀಳ್ತಿದೆ ಅನ್ನೋ ಹಂಗಿತ್ತು, ಮೊದಲ್ನೇ ಸಲ ಗಲಾಟೇಲಿ ಮುಳುಗಿಹೋಗಿದ್ದ ಎಷ್ಟೋ ಕುಂದಾಪುರ ಕಡೆ ಮಾತು ಸರಿಯಾಗಿ ಕಿವಿಗೆ ಬಿತ್ತು. ಟೆಕ್ನಿಕಲ್ ಆಗಿ ನೋಡಿದ್ರೆ ಇದೇ ಗೆದ್ದಿದ್ದು, ಮೈ ಜುಂ ಅನ್ನೋದು ಮಾತ್ರ ಆಗಲಿಲ್ಲ. ಆಮೇಲೆ ನವೆಂಬರ್ 24ಕ್ಕೆ ಓಟಿಟಿಗೆ ಬಂತು ಅಂತ ಮನೇಲಿ ಹಾಕಿದ್ರೆ ವರಾಹ ರೂಪಂ ಹಾಡು ಬರೋ ಜಾಗದಲ್ಲಿ ಟ್ಯೂನೇ ಬೇರೆ! ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡಿನವ್ರು ತಮ್ಮ ಹಾಡಿನ ಕಾಪಿ ಅಂತ ಕೋರ್ಟಿಗೆ ಹೋಗಿದ್ರಲ್ಲ, ತಡೆ ಇದ್ದಿದ್ರಿಂದ ಮೊದಲಿಗೆ ಬೇರೆ ಟ್ಯೂನಲ್ಲಿ ಬಿಟ್ಟು, ಆಮೇಲೆ ಕೋರ್ಟಲ್ಲಿ ದಾರಿ ಆದ್ಮೇಲೆ ಹಳೇ ಹಾಡು ವಾಪಸ್ ಹಾಕಿದ್ರು. ಸಾಹಿತ್ಯ ಅದೇ, ಸೀನ್ ಅದೇ, ಆದ್ರೂ ಪಕ್ಕದಲ್ಲಿ ಕೂತಿದ್ದ ಅಮ್ಮ "ಯಾಕೋ ಅವತ್ತಿನ ಥರ ಇಲ್ವಲ್ಲೋ" ಅಂದ್ರು. ಅಮ್ಮಂಗೆ ಕೋರ್ಟು ಕೇಸು ಏನೂ ಗೊತ್ತಿಲ್ಲ.

ಹಂಗಂತ ಸಿಂಗಲ್ ಸ್ಕ್ರೀನ್ ಎಲ್ಲಾ ಚೆನ್ನಾಗಿದೆ ಅಂತಲ್ಲ. ಒಳ್ಳೇದು ಅಂದ್ರೆ ಲಾಲ್‌ಬಾಗ್ ಹತ್ರ ಇರೋ ಊರ್ವಶಿ ಥರ, ದೊಡ್ಡ ಸ್ಕ್ರೀನು, ಡಾಲ್ಬಿ ಅಟ್ಮಾಸ್ ಸೌಂಡು, ಮೇಂಟೆನೆನ್ಸೂ ಇದೆ, ಮಾಲ್‌ಗಿಂತ ಒಂದು ಕೈ ಮೇಲೆ. ಕೆಟ್ಟದ್ದು ಅಂದ್ರೆ ಪ್ರೊಜೆಕ್ಟರ್ ಲ್ಯಾಂಪ್ ಆಯಸ್ಸು ಮುಗಿದ್ರೂ ಓಡಿಸ್ತಾನೇ ಇರ್ತಾರೆ, ನೈಟ್ ಸೀನ್ ಬಂದ್ರೆ ಹೀರೋ ಯಾರು ವಿಲನ್ ಯಾರು ಗೊತ್ತಾಗಲ್ಲ. ಇನ್ನು ಸೌಂಡು. ಡೈಲಾಗ್ ಬರೋದೇ ಸ್ಕ್ರೀನ್ ಹಿಂದೆ ಮಧ್ಯದಲ್ಲಿರೋ ಸ್ಪೀಕರಿಂದ, ಸ್ಕ್ರೀನಲ್ಲಿ ಸಣ್ಣಸಣ್ಣ ತೂತು ಇರೋದು ಅದಕ್ಕೇ, ಆ ಒಂದು ಸ್ಪೀಕರ್ ಸೊರಗಿದ್ರೆ ಸೈಡಿಂದ ಹಿನ್ನೆಲೆ ಸಂಗೀತ, ಅದೇ ಬಿಜಿಎಂ, ಮಾತ್ರ ದಬಾಯಿಸ್ತಾ ಇರುತ್ತೆ, ಮಾತು ಗುಹೆಯೊಳಗಿಂದ ಬಂದಂಗೆ ಬರುತ್ತೆ. ನಮ್ಮೇರಿಯಾದಲ್ಲೇ ಅಂಥದ್ದೊಂದಿದೆ, ಹೆಸರು ಬೇಡ, ಅಲ್ಲಿ ಫೈಟ್ ಜಾಸ್ತಿ ಇರೋ ಸಿನಿಮಾಗೆ ಮಾತ್ರ ಹೋಗ್ತೀನಿ, ಮಾತು ಕೇಳದಿದ್ರೂ ನಡೆಯುತ್ತೆ.

ಆದ್ರೆ ಇರೋದೇ ಕಮ್ಮಿ ಆಗ್ತಿದೆ ಅನ್ನೋದು ದೊಡ್ಡ ತಲೆನೋವು. ಕೆಂಪೇಗೌಡ ರೋಡ್ ಸುತ್ತಮುತ್ತ ಒಂದರ ಪಕ್ಕ ಒಂದು ಥಿಯೇಟರ್ ಇತ್ತಲ್ಲ, ಕಪಾಲಿ ಹೋಯ್ತು, ಸಾಗರ್ ಹೋಯ್ತು, ಬ್ರಿಗೇಡ್ ರೋಡಿನ ರೆಕ್ಸ್ 2018ರ ಕೊನೇ ದಿನ ಬಾಗಿಲು ಹಾಕ್ತು, 1974ರಲ್ಲಿ ಶುರುವಾಗಿದ್ದ ಕಾವೇರಿ ಐವತ್ತು ವರ್ಷ ಆಗ್ತಿದ್ದಂಗೆ 2024ರಲ್ಲಿ ನಿಂತೋಯ್ತು. ಶುಕ್ರವಾರದಿಂದ ಭಾನುವಾರ ಬಿಟ್ರೆ ಸೋಮವಾರ ಮ್ಯಾಟಿನಿಗೆ ಮೂವತ್ತು ಜನ ಬರ್ತಾರೆ, ಕೆಳಗಿರೋ ಜಾಗಕ್ಕೆ ಕೋಟಿಕೋಟಿ ಬೆಲೆ, ಓನರ್ ಏನ್ ಮಾಡ್ಬೇಕು ಹೇಳಿ.

ಮಲ್ಟಿಪ್ಲೆಕ್ಸ್ ಅಂದ್ರೆ ಕನ್ನಡಕ್ಕೆ ಆಗಿಬರಲ್ಲ ಅಂತ ಮೊದಲು ಒಂದು ಮಾತಿತ್ತು. ಕೋರಮಂಗಲದ ಫೋರಂ ಮಾಲಲ್ಲಿ 11 ಸ್ಕ್ರೀನಿನ ಪಿವಿಆರ್ ಬಂದಿದ್ದು 2004ರಲ್ಲಿ, ಆವಾಗ ಅಲ್ಲಿ ಕನ್ನಡ ಸಿನಿಮಾ ಹುಡುಕ್ಬೇಕಿತ್ತು. 2006ರ ಡಿಸೆಂಬರಲ್ಲಿ ಮುಂಗಾರು ಮಳೆ ಬಂದು ಅದೇ ಮಲ್ಟಿಪ್ಲೆಕ್ಸಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿದ್ಮೇಲೆ ಆ ಮಾತು ಮುಚ್ಚೋಯ್ತು. ಈಗ್ಲೂ ಸಣ್ಣ ಸಿನಿಮಾಗೆ ಶೋ ಸಿಗೋದು ಕಷ್ಟವೇ, ಸಿಕ್ರೂ ಬೆಳಗ್ಗೆ 9:50ಕ್ಕೋ ರಾತ್ರಿ 10:40ಕ್ಕೋ ಹಾಕಿರ್ತಾರೆ, ಕೆಲಸಕ್ಕೆ ಹೋಗೋರು ಯಾರು ನೋಡ್ತಾರೆ ಅದನ್ನ, ಆಮೇಲೆ ಜನ ಬರಲಿಲ್ಲ ಅಂತ ಸೋಮವಾರ ತೆಗೀತಾರೆ.

ರೇಟಿನ ಕಥೆ ಎಲ್ಲರಿಗೂ ಗೊತ್ತಿರೋದೇ. ಟಿಕೆಟಿಗೆ 200 ರೂಪಾಯಿ ಮಿತಿ ಅಂತ 2017ರಲ್ಲಿ ಒಂದ್ಸಲ ಸರ್ಕಾರದವ್ರು ಹೇಳಿದ್ರು, ನಿಲ್ಲಲಿಲ್ಲ. 2025ರ ಸೆಪ್ಟೆಂಬರಲ್ಲಿ ರೂಲ್ಸೇ ಮಾಡಿದ್ರು, ತೆರಿಗೆ ಬಿಟ್ಟು 200 ಅಂತ, ಅದೇ ತಿಂಗಳಲ್ಲಿ ಹೈಕೋರ್ಟ್ ತಡೆ ಕೊಡ್ತು, ಅಕ್ಟೋಬರ್ 2ಕ್ಕೆ ಕಾಂತಾರ ಚಾಪ್ಟರ್ 1 ಬರೋ ಹೊತ್ತಿಗೆ ರೇಟು ಆಕಾಶದಲ್ಲಿತ್ತು. ಪಕ್ಕದ ತಮಿಳುನಾಡಲ್ಲಿ ಸರ್ಕಾರದ ಮಿತಿ ಇದೆ, ನಮ್ಮಲ್ಲಿ ಇಲ್ಲ. ಜಿಎಸ್‌ಟಿ ಈಗ 100 ರೂಪಾಯಿವರೆಗಿನ ಟಿಕೆಟಿಗೆ 5 ಪರ್ಸೆಂಟ್ ಮಾಡಿದಾರೆ, ಅದರ ಮೇಲೆ 18, ಅಂದ್ರೆ ಮಾಲಿಗೆ ಹೋಗೋರಿಗೆ ಅದ್ರಿಂದ ಏನೂ ಇಲ್ಲ. ಹೊರಗಿನ ತಿಂಡಿ ಬಿಡ್ಬೇಕಾ ಬೇಡ್ವಾ ಅನ್ನೋದು ಥಿಯೇಟರ್‌ನವ್ರ ಇಷ್ಟ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕುಡಿಯೋ ನೀರು ಮಾತ್ರ ಫ್ರೀ ಕೊಡ್ಬೇಕು, ಅದನ್ನ ಕೇಳಿ ಇಸ್ಕೊಳ್ಳಿ, ನಾಚ್ಕೋಬೇಡಿ. ಜಾಹೀರಾತಿನ ಬಗ್ಗೆ ಬೇರೆ ಹೇಳೋದೇ ಬೇಡ, 25 ನಿಮಿಷ ಆ್ಯಡ್ ತೋರಿಸಿ ಟೈಮ್ ಹಾಳು ಮಾಡಿದ್ರು ಅಂತ ಬೆಂಗಳೂರಿನ ಒಬ್ರು ಗ್ರಾಹಕರ ಕೋರ್ಟಿಗೆ ಹೋಗಿ 2025ರಲ್ಲಿ ಗೆದ್ದೂಬಿಟ್ರು, ಅದಕ್ಕೂ ಆಮೇಲೆ ಹೈಕೋರ್ಟಲ್ಲಿ ತಡೆ ಬಂತು. ನಾನಂತೂ ಟಿಕೆಟಲ್ಲಿರೋ ಟೈಮಿಗೆ ಪಾರ್ಕಿಂಗಲ್ಲಿ ಇರ್ತೀನಿ.

ಇಷ್ಟೆಲ್ಲ ಬೈದ್ರೂ ಸಪ್ತ ಸಾಗರದಾಚೆ ಎಲ್ಲೋ ಥರದ ಸಿನಿಮಾಗೆ ಮಲ್ಟಿಪ್ಲೆಕ್ಸೇ ಬೇಕು. 2023ರಲ್ಲಿ ಅದರ ಮೊದಲ ಭಾಗ ಸೈಡ್ ಎ ಬಂದಾಗ ಸಿಂಗಲ್ ಸ್ಕ್ರೀನಿಗೆ ಹೋಗಿದ್ದೆ, ರುಕ್ಮಿಣಿ ವಸಂತ್ ಮೆಲ್ಲಗೆ ಏನೋ ಹೇಳ್ತಿದಾರೆ, ಹಿಂದಿನ ಸಾಲಲ್ಲಿ "ಜೋರಾಗ್ ಹೇಳಮ್ಮ" ಅಂತ ಕಾಮೆಂಟು, ಸುತ್ತ ನಗು, ಸೀನು ಹೋಯ್ತು. ಆ ಸಿನಿಮಾದಲ್ಲಿ ಸಮುದ್ರದ ಸದ್ದು, ಕ್ಯಾಸೆಟ್ಟಲ್ಲಿ ತುಂಬಿಸಿಟ್ಟ ದನಿ ಇವೇ ಕಥೆ, ಮಾತಿಗಿಂತ ಮಾತಿನ ಮಧ್ಯೆ ಇರೋ ಖಾಲಿ ಜಾಗ ಮುಖ್ಯ. ಅದಕ್ಕೆ ಅದೇ ವಾರ ಮಾಲಿಗೆ ಹೋದೆ, ಹಾಲಲ್ಲಿ ಅರ್ಧ ಖಾಲಿ, ಯಾರೂ ಕೆಮ್ಮೋದೂ ಇಲ್ಲ, ಚರಣ್ ರಾಜ್ ಮ್ಯೂಸಿಕ್ ಎಲ್ಲಿ ನಿಂತು ಎಲ್ಲಿ ಶುರುವಾಗುತ್ತೆ ಅನ್ನೋದೂ ಗೊತ್ತಾಗ್ತಿತ್ತು. ಆದ್ರೆ ಅಲ್ಲೂ ಒಂದು ಕಾಟ ಇದೆ, ಪಕ್ಕದ ಆಡಿಲಿ, ಅಂದ್ರೆ ಪಕ್ಕದ ಹಾಲಲ್ಲಿ, ಯಾವುದೋ ಆ್ಯಕ್ಷನ್ ಸಿನಿಮಾ ಓಡ್ತಿತ್ತು, ಜೈಲಿನ ಸೀನಲ್ಲಿ ಎಲ್ಲಾ ಸ್ತಬ್ಧ ಆದಾಗ ಗೋಡೆ ಆಚೆಯಿಂದ ಧಡಂ ಧಡಂ. ಅದಕ್ಕೇ ಈಗ ನಿಧಾನದ ಸಿನಿಮಾ ಬುಕ್ ಮಾಡೋವಾಗ ಅಕ್ಕಪಕ್ಕದ ಆಡಿಲಿ ಅದೇ ಟೈಮಿಗೆ ಏನಿದೆ ಅಂತಾನೂ ಆ್ಯಪಲ್ಲಿ ನೋಡ್ತೀನಿ. ಹುಚ್ಚು ಅನ್ಸಿದ್ರೆ ಅನ್ನಿಸ್ಲಿ ಬಿಡಿ.

ಮನೆ ಟಿವಿ ಬಗ್ಗೆ ನನಗೆ ಅಷ್ಟೇನೂ ಗೌರವ ಇರ್ಲಿಲ್ಲ, ಸು ಫ್ರಮ್ ಸೋ ನೋಡೋವರೆಗೂ. 2025ರ ಜುಲೈನಲ್ಲಿ ಬಂದ ಆ ಸಿನಿಮಾ ಮೊದಲು ಸದ್ದೇ ಇಲ್ಲದೆ ಶುರುವಾಗಿ ಬಾಯಿಂದ ಬಾಯಿಗೆ ಹಬ್ಬಿ ಶೋ ಮೇಲೆ ಶೋ ಜಾಸ್ತಿ ಆಯ್ತಲ್ಲ, ನಾನು ಎರಡನೇ ವಾರ ಫುಲ್ ಹೌಸಲ್ಲಿ ನೋಡ್ದೆ. ನಕ್ಕು ನಕ್ಕು ಕಣ್ಣಲ್ಲಿ ನೀರು. ಅದರಲ್ಲಿ ಬರೋ ರವಿಯಣ್ಣ ಬಾಯಿ ಬಿಡೋ ಮುಂಚೆನೇ ಜನ ನಗ್ತಾರೆ, ಅವ್ರು ಹೇಳಿದ್ದು ಕೇಳಲ್ಲ, ಕೇಳದಿದ್ರೂ ನಾವೂ ನಗ್ತೀವಿ. ಆಮೇಲೆ ಮನೇಲಿ ನೋಡಿದ್ರೆ, ಅಯ್ಯೋ, ಅರ್ಧ ಪಂಚ್ ನನಗೆ ಮೊದಲ್ನೇ ಸಲ ಸಿಕ್ಕೇ ಇರ್ಲಿಲ್ಲ! ಒಂದು ಜೋಕಿನ ನಗು ಅದರ ಹಿಂದಿರೋ ಎರಡು ಜೋಕನ್ನ ನುಂಗಿತ್ತು. ಮಂಗಳೂರು ಕಡೆ ಮಾತು ಬೇರೆ, ನಮಗೆ ಬಯಲುಸೀಮೆಯವ್ರಿಗೆ ಮಧ್ಯೆಮಧ್ಯೆ ಬರೋ ತುಳು ಪದ ತಲೆಗೆ ಹತ್ತೋಕೆ ಎರಡು ಸೆಕೆಂಡ್ ಬೇಕು, ಥಿಯೇಟರಲ್ಲಿ ಆ ಎರಡು ಸೆಕೆಂಡ್ ಯಾರು ಕೊಡ್ತಾರೆ, ಮನೇಲಿ ಹಿಂದಕ್ಕೆ ಹಾಕಿ ಮತ್ತೆ ಕೇಳ್ಬೋದು. ಆದ್ರೆ ನಕ್ಕಿದ್ದು ಎಲ್ಲಿ ಜಾಸ್ತಿ ಅಂದ್ರೆ ಥಿಯೇಟರಲ್ಲೇ, ಮನೇಲಿ ಮುಗುಳ್ನಕ್ಕಿದ್ದು ಅಷ್ಟೇ, ಡೈಲಾಗ್ ಪೂರ್ತಿ ಅರ್ಥ ಆದ್ರೂನೂ.

ಮನೇಲಿ ಇನ್ನೊಂದು ಪ್ರಾಬ್ಲಮ್ಮು. ಈಗಿನ ತೆಳ್ಳಗಿನ ಟಿವಿಗಳಲ್ಲಿ ಸ್ಪೀಕರ್ ಕೆಳಗಡೆಗೋ ಹಿಂದಕ್ಕೋ ಮುಖ ಮಾಡಿರುತ್ತೆ, ಥಿಯೇಟರಿಗೆ ಅಂತ ಮಾಡಿದ ಮಿಕ್ಸನ್ನ ಎರಡು ಪುಟಾಣಿ ಸ್ಪೀಕರಿಗೆ ಇಳಿಸಿದಾಗ ಮಾತು ಸಣ್ಣಗಾಗಿ ಫೈಟು ಮಾತ್ರ ಜೋರಾಗುತ್ತೆ, ಹಂಗಾಗಿ ರಿಮೋಟ್ ಕೈಲೇ, ಮಾತಿಗೆ ಏರಿಸೋದು, ಬಿಜಿಎಂಗೆ ಇಳಿಸೋದು, ಮಗು ಎದ್ರೆ ಮತ್ತೆ ಇಳಿಸೋದು. ಸೆಟ್ಟಿಂಗಲ್ಲಿ ಡೈಲಾಗ್ ಅಥವಾ ನೈಟ್ ಮೋಡ್ ಅಂತ ಒಂದಿರುತ್ತೆ, ಆನ್ ಮಾಡಿ, ಸುಮಾರು ಸರಿಹೋಗುತ್ತೆ. ಸೌಂಡ್‌ಬಾರ್ ತಗೊಳ್ಳೋದಾದ್ರೆ ಸಬ್‌ವೂಫರ್ ಎಷ್ಟು ದೊಡ್ಡದು ಅಂತ ನೋಡೋ ಬದಲು ಮಧ್ಯದಲ್ಲಿ ಮಾತಿಗೇ ಅಂತ ಬೇರೆ ಸ್ಪೀಕರ್ ಇದ್ಯಾ ನೋಡಿ.

ನನ್ನ ಹೆಂಡ್ತಿದು ಪೂರ್ತಿ ಬೇರೆ ಮಾಪನ. ಅವಳು ಥಿಯೇಟರ್ ಆರಿಸೋದು ಟಾಯ್ಲೆಟ್ ನೋಡಿ, ನಿಮ್ಮ ಶಿಳ್ಳೆ ಮೌನ ಎಲ್ಲಾ ನೀವೇ ಇಟ್ಕೊಳ್ಳಿ, ಇಂಟರ್‌ವಲ್ಲಲ್ಲಿ ಮೂಗು ಮುಚ್ಕೊಂಡು ಕ್ಯೂ ನಿಲ್ಲೋಳು ನಾನು ಅಂತಾಳೆ. ಅಮ್ಮಂಗೆ ಮಂಡಿನೋವು, ಲಿಫ್ಟ್ ಇಲ್ದಿರೋ ಕಡೆ ಬಾಲ್ಕನಿ ಹತ್ತೋಕಾಗಲ್ಲ. ಹಳೇ ಥಿಯೇಟರ್ ಅಭಿಮಾನಿಗಳು, ನಾನೂ ಸೇರಿ, ಈ ಮಾತು ಎತ್ತೋದೇ ಇಲ್ಲ, ಅಲ್ಲಿ ಹೆಂಗಸರು ಯಾಕೆ ಕಮ್ಮಿ ಆದ್ರು ಅಂತ ಕೇಳಿದ್ರೆ ಮಾತ್ರ ಓಟಿಟಿ ಮೇಲೆ ಹಾಕ್ತೀವಿ.

ಸೀಟ್ ಬಗ್ಗೆ ಒಂದು ಹೇಳ್ಬಿಡ್ತೀನಿ. ಸಿಂಗಲ್ ಸ್ಕ್ರೀನಲ್ಲಿ ಕೆಳಗಡೆ ತಗೊಂಡ್ರೆ ಬಾಲ್ಕನಿ ಅಡಿಗೆ ಬರೋ ಹಿಂದಿನ ಸಾಲುಗಳು ಬೇಡ, ಚಾವಣಿ ತಗ್ಗು, ಸದ್ದು ಅಲ್ಲೇ ಸಿಕ್ಕಾಕೊಂಡು ಗುಂಯ್‌ಗುಡುತ್ತೆ, ಅದಕ್ಕಿಂತ ಮೂರ್ನಾಕು ಸಾಲು ಮುಂದೆ ಕೂರಿ. ಬಾಲ್ಕನಿಲಿ ಮೊದಲ್ನೇ ಸಾಲಿಗೆ ಕಂಬಿ ಅಡ್ಡ ಬರುತ್ತೆ, ಎರಡನೇದು ಮೂರನೇದು ಪರವಾಗಿಲ್ಲ. ಮಲ್ಟಿಪ್ಲೆಕ್ಸಲ್ಲಿ ಎಲ್ಲರೂ ತೀರಾ ಹಿಂದಿನ ಸಾಲಿಗೆ ಮುಗಿಬೀಳ್ತಾರೆ, ಹಿಂದಿನ ಗೋಡೆ ಸ್ಪೀಕರ್ ಕುತ್ತಿಗೆ ಮೇಲೇ ಇರುತ್ತೆ ಅಲ್ಲಿ, ಹಾಲಿನ ಉದ್ದದಲ್ಲಿ ಮುಕ್ಕಾಲು ಭಾಗ ಹಿಂದೆ, ಮಧ್ಯದ ಸೀಟು ಖಾಲಿ ಇದ್ರೆ ಅದನ್ನೇ ಒತ್ತಿ.