ಹಳೇ ಬಾಳೋಪಾಟ್: ಇದ್ದ ಹಾಗೆಯೋ, ಹೊಸದಾಗಿ ಮಿಕ್ಸ್ ಮಾಡಿಯೋ?

ಕೊಡವರ ಜನಪದ ಹಾಡಾದ ಬಾಳೋಪಾಟಿನ ಹಳೇ ಕ್ಯಾಸೆಟ್‌ಗಳನ್ನು ಮತ್ತೆ ಹೊರತರುವವರಿಗೆ ಎರಡು ದಾರಿ ಇವೆ. ಒಂದು, ಟೇಪಿನಲ್ಲಿರುವುದನ್ನು ಹಾಗೆಯೇ ಡಿಜಿಟಲ್ ಮಾಡಿ, ಸುಸ್ಸ್ ಅನ್ನುವ ಸದ್ದನ್ನಷ್ಟೇ ತಗ್ಗಿಸುವುದು. ಇನ್ನೊಂದು, ಕೀಬೋರ್ಡ್, ಬೀಟ್ ಸೇರಿಸಿ ಹೊಸದಾಗಿ ಮಿಕ್ಸ್ ಮಾಡುವುದು.

ಎರಡನೆಯದು ಮದುವೆ ಮನೆಯ ಸ್ಪೀಕರ್‌ಗೆ ಸರಿ. ಹುಡುಗರು ಬೇಗ ಕೇಳುತ್ತಾರೆ, ಅಲ್ವಾ? ಆದರೆ ಬಾಳೋಪಾಟಿನ ಜೀವ ಇರುವುದು ದುಡಿ ಅನ್ನುವ ಪುಟ್ಟ ಚರ್ಮವಾದ್ಯದಲ್ಲಿ. ನಾಲ್ವರು ದುಡಿ ಬಾರಿಸುತ್ತಾ ಹಾಡುವಾಗ ಲಯ ಉಸಿರಿನ ಜೊತೆ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ. ಕಂಪ್ಯೂಟರ್ ಬೀಟ್ ಅದನ್ನು ಗೆರೆ ಎಳೆದಂತೆ ನೇರ ಮಾಡಿಬಿಡುತ್ತದೆ. ಸದ್ದು ತೆಗೆಯುವ ಸಾಫ್ಟ್‌ವೇರ್ ಕೂಡ ಜಾಸ್ತಿಯಾದರೆ ದುಡಿಯ ಚುರುಕು ಪೆಟ್ಟನ್ನೇ ನುಂಗುತ್ತದೆ. ನನ್ನ ಮತ ಮೊದಲನೆಯದಕ್ಕೆ. ಒಳ್ಳೆ ಗುಣಮಟ್ಟದಲ್ಲಿ (24 ಬಿಟ್, 96 ಕಿಲೋಹರ್ಟ್ಸ್), ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಮಾಡಿಟ್ಟುಕೊಂಡರೆ ಮಿಕ್ಸ್ ಯಾವಾಗ ಬೇಕಾದರೂ ಮಾಡಬಹುದು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಟೇಪನ್ನು ಮಾತ್ರ ಸುಮ್ನೆ ಹಾಕಿ ನೋಡಬೇಡಿ. ಮೊದಲು ಗೊತ್ತಿದ್ದವರಿಂದ ಕ್ಲೀನ್ ಮಾಡಿಸಿ.

ಸ್ಟ್ರೀಮಿಂಗೋ, ಪೆನ್‌ಡ್ರೈವೋ? ಹೊರ ಊರಲ್ಲಿರುವ ಮಕ್ಕಳಿಗೆ ಸ್ಟ್ರೀಮಿಂಗ್. ನೆಟ್‌ವರ್ಕ್ ಕೈಕೊಡುವ ತೋಟದ ಮನೆಗೆ, ಜೀಪಿಗೆ ಪೆನ್‌ಡ್ರೈವ್. ಜೊತೆಗೆ ಹಾಡಿನ ಸಾಲುಗಳ ಪುಸ್ತಿಕೆ ಕೊಡಿ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಹೊರತಂದ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯ ಜೊತೆ ಹೋಲಿಸಿ ನೋಡಿಕೊಳ್ಳಬಹುದು.

ಯಾವ ದಾರಿ ಹಿಡಿದರೂ ಹಕ್ಕಿನ ವಿಷಯ ಒಂದೇ. ಧ್ವನಿಮುದ್ರಣದ ಹಕ್ಕು ನಮ್ಮ ಕಾನೂನಿನಲ್ಲಿ ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಹಾಡು ಎಷ್ಟೇ ಹಳೆಯದಾದರೂ ಕ್ಯಾಸೆಟ್ ತಂದವರ ಒಪ್ಪಿಗೆ ಬೇಕು. ಹಾಡಿದವರ ಮನೆಯವರನ್ನೂ ಒಂದು ಮಾತು ಕೇಳಿ.